ಹೆಬ್ಬಾತಿಲ್ಲದ ಜಾಕೆಟ್ಟು

ಜಾಕೆಟ್ ಕೊಳ್ಳೋಕೆ ಹೋದವನು ಧರ್ಮಸಂಕಟ ಹೊತ್ತುಕೊಂಡು ಬಂದ ಕತೆ ಇದು. ಕತೆ ಅನ್ನೋದಕ್ಕಿಂತ ಲೆಕ್ಕ ಅನ್ನಬಹುದು. ಇಷ್ಟು ವರ್ಷ ಆದರೂ ನನಗೆ ತಾಳೆಯಾಗದ ಲೆಕ್ಕ.

2017ರ ಡಿಸೆಂಬರ್‌ನಲ್ಲಿ ಕಂಪನಿಯವರು ಆನ್‌ಸೈಟ್ ಅಂತ ನನ್ನನ್ನು ಅಮೆರಿಕದ ಆಲ್ಬನಿಗೆ ಕಳಿಸಿದರು. ನ್ಯೂಯಾರ್ಕ್ ರಾಜ್ಯದ ರಾಜಧಾನಿ ಅದು. ನ್ಯೂಯಾರ್ಕ್ ಅಂದ ತಕ್ಷಣ ಊರಲ್ಲಿ ಎಲ್ಲರೂ ಟಿವಿಯಲ್ಲಿ ಕಂಡ ಮುಗಿಲು ಮುಟ್ಟೋ ಕಟ್ಟಡಗಳನ್ನೇ ನೆನೆಸಿಕೊಂಡರು. ಆಲ್ಬನಿ ಹಾಗಲ್ಲ. ಆ ಮಹಾನಗರದಿಂದ ಉತ್ತರಕ್ಕೆ ಕಾರಲ್ಲಿ ಹತ್ತಿರಹತ್ತಿರ ಮೂರು ಗಂಟೆ ದಾರಿ, ಹಡ್ಸನ್ ನದಿ ದಂಡೆಯಲ್ಲಿರೋ ಸರ್ಕಾರಿ ಕಚೇರಿಗಳ ಊರು. ಚಳಿ ಮಾತ್ರ ಕೇಳಬೇಡಿ. ಚಳ್ಳಕೆರೆ ಸೀಮೆಯ ಬಿಸಿಲಲ್ಲಿ ಬೆಳೆದ ಮೈ ನಂದು. ಬೆಂಗಳೂರಲ್ಲಿ ಕೊಂಡಿದ್ದ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಬಸ್ ಸ್ಟಾಪಲ್ಲಿ ನಿಂತರೆ, ಮೂಗು ನಂದೋ ಪಕ್ಕದವರದೋ ಗೊತ್ತಾಗುತ್ತಿರಲಿಲ್ಲ.

ಮೂರನೇ ದಿನಕ್ಕೆ ಟೀಮಿನ ತೆಲುಗು ಹುಡುಗನೊಬ್ಬ ಕರುಣೆಯಿಂದ ಅಂಗಡಿಗೆ ಕರಕೊಂಡು ಹೋದ. ಅಲ್ಲಿ ಒಂದೇ ಕಂಬಿಗೆ ಎರಡು ಜಾಕೆಟ್ ನೇತುಹಾಕಿದ್ದರು. ಬಣ್ಣ ಒಂದೇ, ಹೊಲಿಗೆ ಒಂದೇ, ಎರಡೂ ಊದಿಕೊಂಡು ಪುರಿ ಮೂಟೆ ಥರ ಕಾಣುತ್ತಿದ್ದವು. ಒಂದರ ಚೀಟಿಯಲ್ಲಿ ಹೆಬ್ಬಾತಿನ ತುಪ್ಪಳ ಅಂತ ಬರೆದಿತ್ತು. ಇನ್ನೊಂದರಲ್ಲಿ ನೂರಕ್ಕೆ ನೂರು ಪಾಲಿಯೆಸ್ಟರ್, ತುಪ್ಪಳದಷ್ಟೇ ಬೆಚ್ಚಗೆ, ಯಾವ ಹಕ್ಕಿಗೂ ನೋವಾಗಿಲ್ಲ ಅನ್ನೋ ಅರ್ಥದ ಸಾಲು. ಬೆಲೆಯೂ ಕಮ್ಮಿ. ಪುಣ್ಯ ಅಗ್ಗವಾಗಿ ಸಿಗೋ ಸಂದರ್ಭ ಜೀವನದಲ್ಲಿ ಎಷ್ಟು ಸಲ ಬರುತ್ತೆ ಹೇಳಿ? ಎರಡನೆಯದನ್ನು ತಗೊಂಡೆ. ಅವತ್ತು ರಾತ್ರಿ ಫೋಟೋ ಹಾಕಿ, "ಹಕ್ಕಿಯ ಹಂಗಿಲ್ಲದ ಬೆಚ್ಚನೆ" ಅಂತ ಒಂದು ಸಾಲು ಬೇರೆ ಗೀಚಿದೆ. ಎಪ್ಪತ್ತು ಎಂಬತ್ತು ಲೈಕು ಬಂದವು. ಈಗ ನೆನೆಸಿಕೊಂಡರೆ ಮುಜುಗರ ಆಗುತ್ತೆ, ಆದರೂ ಹೇಳ್ತಿದೀನಿ.

ಮೊದಲು ಈ ತುಪ್ಪಳ ಅಂದರೆ ಏನು ಅಂತ ಹೇಳಿಬಿಡ್ತೀನಿ. ನಮ್ಮ ಕಡೆ ಕುರಿಯ ಉಣ್ಣೆಗೆ ತುಪ್ಪಟ ಅಂತೀವಿ. ತುಪ್ಪಳ ಅದರ ಅಕ್ಕಪಕ್ಕದ ಮಾತು, ಹಕ್ಕಿಯ ಮೈಗೆ ಅಂಟಿಕೊಂಡಿರೋ ಮೆತ್ತನೆ ಪುಕ್ಕ. ರೆಕ್ಕೆಯಲ್ಲಿರೋ ಗರಿಗೆ ಮಧ್ಯದಲ್ಲಿ ಒಂದು ಕಡ್ಡಿ ಇರುತ್ತಲ್ಲ, ತುಪ್ಪಳಕ್ಕೆ ಅಂಥ ಕಡ್ಡಿಯಿಲ್ಲ. ಒಂದು ಬಿಂದುವಿನಿಂದ ನೂರಾರು ಎಳೆಗಳು ಎಲ್ಲ ದಿಕ್ಕಿಗೂ ಹೊರಟಿರುತ್ತವೆ, ಎಕ್ಕದ ಬೀಜ ಗಾಳಿಯಲ್ಲಿ ತೇಲಿ ಬರುತ್ತಲ್ಲ ಹಾಗೆ. ಆ ಎಳೆಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತೆ. ಬೆಚ್ಚಗಿಡೋದು ಪುಕ್ಕ ಅಲ್ಲ, ಆ ನಿಂತ ಗಾಳಿ. ಪುಕ್ಕ ಬರೀ ಗಾಳಿಯನ್ನು ಹಿಡಿದಿಡೋ ರೊಪ್ಪ ಇದ್ದ ಹಾಗೆ. ತುಪ್ಪಳದ ಗುಣಮಟ್ಟವನ್ನು ಅಳೆಯೋದೂ ಹೀಗೇ: ಒಂದು ಔನ್ಸ್, ಅಂದರೆ 28 ಗ್ರಾಂ ತುಪ್ಪಳ ಎಷ್ಟು ಘನ ಇಂಚು ಜಾಗ ತುಂಬುತ್ತೆ ಅಂತ. ಒಳ್ಳೇ ಹೆಬ್ಬಾತಿನ ತುಪ್ಪಳ 800 ಘನ ಇಂಚು ತುಂಬುತ್ತೆ. ಲೆಕ್ಕ ಹಾಕಿ ನೋಡಿದೆ, ಸುಮಾರು 13 ಲೀಟರ್. ಅಷ್ಟು ಹಗುರವಾದದ್ದು ಒಂದು ಬಿಂದಿಗೆ ತುಂಬ ಆಗುತ್ತೆ. ಗದಗದ ಹತ್ತಿರ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಅವು ಹಿಮಾಲಯ ದಾಟಿ ಬರೋದು ಇದೇ ಜಾಕೆಟ್ ತೊಟ್ಟುಕೊಂಡು. ಅವುಗಳಿಗೆ ಅಂಗಡಿಗೆ ಹೋಗೋ ಕಷ್ಟವಿಲ್ಲ.

ಆದರೆ ಇದಕ್ಕೊಂದು ದೌರ್ಬಲ್ಯ ಇದೆ. ನೆಂದರೆ ಮುಗೀತು. ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಗಾಳಿ ಇದ್ದ ಜಾಗಕ್ಕೆ ನೀರು ಬರುತ್ತೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಕದಿಯುತ್ತೆ. ಹಾಗಾದರೆ ದಿನವಿಡೀ ನೀರಲ್ಲೇ ಇರೋ ಬಾತು ಏನು ಮಾಡುತ್ತೆ? ಅದಕ್ಕೆ ಮೇಲೊಂದು ಗರಿಗಳ ಮಾಳಿಗೆ ಇದೆ. ಬಾಲದ ಬುಡದಲ್ಲಿರೋ ಎಣ್ಣೆ ಗ್ರಂಥಿಯಿಂದ ಕೊಕ್ಕಲ್ಲಿ ಎಣ್ಣೆ ತೆಗೆದು ಆ ಗರಿಗಳಿಗೆಲ್ಲ ಸವರಿಕೊಳ್ಳುತ್ತೆ. ನಾವು ತುಪ್ಪಳ ಮಾತ್ರ ಕಿತ್ತು ತಂದು ಬಟ್ಟೆಯೊಳಗೆ ತುಂಬಿದ್ವಿ, ಮಾಳಿಗೆಯನ್ನು ಅಲ್ಲೇ ಬಿಟ್ಟು ಬಂದ್ವಿ. ಹಾಗೆ ನೋಡಿದರೆ ಅಸಲಿ ಅನ್ನೋ ಜಾಕೆಟ್ಟೂ ಹೆಬ್ಬಾತಿನ ಅರ್ಧ ನಕಲೇ.

ನಕಲಿ ತುಪ್ಪಳ ಹುಟ್ಟಿದ್ದು ಈ ದೌರ್ಬಲ್ಯದಿಂದ. ಸಿಯಾಟಲ್‌ನ ಎಡ್ಡಿ ಬೌಯರ್ ಅನ್ನೋ ಅಂಗಡಿಯವನು ಚಳಿಗಾಲದಲ್ಲಿ ಮೀನು ಹಿಡಿಯೋಕೆ ಹೋಗಿ, ಉಣ್ಣೆ ಬಟ್ಟೆ ನೆಂದು ಸಾಯೋ ಹಾಗಾಗಿ, ಬದುಕಿ ಬಂದ ಮೇಲೆ 1936ರಲ್ಲಿ ತುಪ್ಪಳ ತುಂಬಿ ಹೊಲಿದ ಜಾಕೆಟ್ ಮಾಡಿದ. 1940ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನದಳಕ್ಕೆ ಅಂಥ ಜಾಕೆಟ್ ಹೊಲಿದುಕೊಟ್ಟ. ಆದರೆ ಕಂದಕದಲ್ಲಿ, ಮಳೆಯಲ್ಲಿ, ಕೆಸರಲ್ಲಿ ಮಲಗೋ ಸಿಪಾಯಿಗೆ ಒಣಗಿದ್ದಾಗ ಮಾತ್ರ ಕೆಲಸ ಮಾಡೋ ಹಾಸಿಗೆ ಕೊಟ್ಟು ಏನು ಪ್ರಯೋಜನ? ಹಾಗಾಗಿ 1980ರ ದಶಕದ ಶುರುವಿನಲ್ಲಿ ಅಮೆರಿಕದ ಸೈನ್ಯ ನೆಂದರೂ ಬೆಚ್ಚಗಿರೋ ತುಪ್ಪಳ ಬೇಕು ಅಂದಿತು. ಮಾಡಿಕೊಟ್ಟಿದ್ದು ಆಲ್ಬನಿ ಇಂಟರ್‌ನ್ಯಾಷನಲ್ ಅನ್ನೋ ಕಂಪನಿ. 1986ರಲ್ಲಿ ಬಂದ ಪೇಟೆಂಟಿನ ಹೆಸರೇ 'ಸಿಂಥೆಟಿಕ್ ಡೌನ್'. ಪ್ರೈಮಲಾಫ್ಟ್ ಅಂತ ಈಗ ಪ್ರಪಂಚದ ಎಷ್ಟೋ ಜಾಕೆಟ್ಟುಗಳಲ್ಲಿ ಇರೋದು ಇದೇ. ತಲೆಕೂದಲಿನ ಸುಮಾರು ಹತ್ತನೇ ಒಂದು ಪಾಲು ದಪ್ಪದ ಪಾಲಿಯೆಸ್ಟರ್ ಎಳೆಗಳು ಗಾಳಿ ಹಿಡಿಯೋಕೆ, ಅವು ಕುಸಿದು ಬೀಳದ ಹಾಗೆ ಎತ್ತಿ ಹಿಡಿಯೋಕೆ ನಡುನಡುವೆ ಸ್ವಲ್ಪ ದಪ್ಪ ಎಳೆಗಳು. ಚಪ್ಪರಕ್ಕೆ ಸೋಗೆ ಮತ್ತು ಗೂಟ ಇದ್ದ ಹಾಗೆ.

ಈ ಕಂಪನಿಯ ಹುಟ್ಟಿನ ವಿಚಾರ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. 1895ರಲ್ಲಿ ಶುರುವಾದಾಗ ಅದರ ಹೆಸರು ಆಲ್ಬನಿ ಫೆಲ್ಟ್ ಕಂಪನಿ. ಕಾಗದದ ಕಾರ್ಖಾನೆಗಳಲ್ಲಿ ಒದ್ದೆ ಕಾಗದವನ್ನು ಹೊತ್ತುಕೊಂಡು ಹೋಗೋ ಉಣ್ಣೆಯ ಪಟ್ಟಿಗಳನ್ನು ನೇಯುತ್ತಿತ್ತು. ಆ ಹಳೇ ಮಿಲ್ಲಿನ ಇಟ್ಟಿಗೆ ಕಟ್ಟಡ ಆಲ್ಬನಿಗೆ ಅಂಟಿಕೊಂಡ ಮೆನಾಂಡ್ಸ್ ಅನ್ನೋ ಊರಲ್ಲಿ ಇನ್ನೂ ಇದೆ. ಅಂದರೆ ಅವರೂ ಮೂಲತಃ ನಮ್ಮ ಹಾಗೇ ತುಪ್ಪಟದವರು! ನಮ್ಮ ತಾತ ಗುಂಡಿ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದ. ಹೆಂಗಸರು ನೂತ ಉಣ್ಣೆಯ ಹಾಸಿಗೆ ಹುಣಸೆ ಬೀಜ ಅರೆದು ಕಾಯಿಸಿದ ಗಂಜಿ ಬಳಿದು ಬಿಸಿಲಿಗೆ ಹಾಕುತ್ತಿದ್ದರು. ಆ ವಾಸನೆ ಈಗಲೂ ಮೂಗಲ್ಲಿದೆ.

ಇರಲಿ, ನಾನು ಹೇಳಬೇಕೆಂದಿದ್ದು ಬೇರೆ. ಸೈನ್ಯ ಕೇಳಿದ ಪಟ್ಟಿಯಲ್ಲಿ ಏನಿತ್ತು? ಹಗುರ ಇರಬೇಕು. ಹಿಂಡಿ ಚೀಲಕ್ಕೆ ತುರುಕೋ ಹಾಗಿರಬೇಕು. ಬಿಟ್ಟರೆ ಮತ್ತೆ ಉಬ್ಬಬೇಕು. ನೆಂದರೂ ಬೆಚ್ಚಗಿರಬೇಕು. ನಮ್ಮ ಕೆಲಸದಲ್ಲಿ ಇದಕ್ಕೆ ರಿಕ್ವೈರ್‌ಮೆಂಟ್ ಅಂತೀವಿ. ಹೆಬ್ಬಾತಿಗೆ ನೋವಾಗಬಾರದು ಅನ್ನೋದು ಆ ಪಟ್ಟಿಯ ಉದ್ದೇಶವೇ ಆಗಿರಲಿಲ್ಲ. ಹಕ್ಕಿಯ ಮೇಲಿನ ದಯೆ ಆಮೇಲೆ ಬಂತು, ಚೀಟಿ ಅಚ್ಚು ಹಾಕೋರ ಟೇಬಲ್ ಮೇಲೆ. ಇದರಿಂದ ದಯೆಯ ಬೆಲೆ ಕಮ್ಮಿಯಾಗುತ್ತಾ? ಮೊದಲು ಆಗುತ್ತೆ ಅಂದ್ಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಬಾವಿ ತೋಡಿದವನು ತನ್ನ ತೋಟಕ್ಕೆ ಅಂತ ತೋಡಿದರೂ ದಾರಿಹೋಕರಿಗೆ ನೀರು ನೀರೇ. ಸಿಪಾಯಿಗಾಗಿ ಮಾಡಿದ್ದು ಹೆಬ್ಬಾತನ್ನು ಉಳಿಸಿದರೆ ಹೆಬ್ಬಾತೇನೂ ಉದ್ದೇಶ ಏನಿತ್ತು ಅಂತ ಕೇಳಲ್ಲ.

ಆದರೆ ಉಳಿಸಿತಾ ಅನ್ನೋದು ಪ್ರಶ್ನೆ.

ತುಪ್ಪಳ ಬಹುಪಾಲು ಬರೋದು ಮಾಂಸಕ್ಕೆ ಅಂತ ಸಾಕಿದ ಬಾತುಗಳಿಂದ. ಕೊಯ್ಯೋದು ಮಾಂಸಕ್ಕೆ, ಪುಕ್ಕ ಅದರ ಜೊತೆ ಬರೋ ಉಪ ಆದಾಯ. ನಾನು ಜಾಕೆಟ್ ಕೊಳ್ಳದೇ ಇದ್ದರೂ ಆ ಬಾತು ಆ ಭಾನುವಾರ ಯಾರದೋ ತಟ್ಟೆಗೆ ಹೋಗೇ ಹೋಗುತ್ತೆ. ಪುಕ್ಕಕ್ಕೂ ದುಡ್ಡು ಸಿಗೋದರಿಂದ ಸಾಕೋದು ಲಾಭ ಅನ್ನಿಸಿ ಇನ್ನಷ್ಟು ಸಾಕುತ್ತಾರೆ ಅಂತ ವಾದ ಮಾಡಬಹುದು, ಅದರಲ್ಲೂ ಸತ್ಯ ಇದೆ. ನಿಜವಾಗಿ ಮೈ ಜುಮ್ಮೆನ್ನೋದು ಇನ್ನೊಂದು ವಿಷಯ. ಯುರೋಪಿನ ಕೆಲವು ಕಡೆ ಬದುಕಿರೋ ಹೆಬ್ಬಾತುಗಳನ್ನು ಕಾಲ ಸಂದಿಯಲ್ಲಿ ಅದುಮಿಕೊಂಡು ತುಪ್ಪಳ ಕೀಳುತ್ತಿದ್ದರು, ಮತ್ತೆ ಬೆಳೆದ ಮೇಲೆ ಮತ್ತೆ ಕೀಳೋದು. ಇದು ಬಯಲಿಗೆ ಬಂದು ಗಲಾಟೆಯಾದ ಮೇಲೆ 2014ರಲ್ಲಿ ಜವಾಬ್ದಾರಿಯುತ ತುಪ್ಪಳ ಅಂತ ಒಂದು ಪ್ರಮಾಣಪತ್ರದ ವ್ಯವಸ್ಥೆ ಬಂತು. ಜೀವಂತ ಕೀಳೋ ಹಾಗಿಲ್ಲ, ಬಲವಂತವಾಗಿ ಗಂಟಲಿಗೆ ತಿನಿಸೋ ಹಾಗಿಲ್ಲ ಅಂತ. ಅಂಗಡಿಯಲ್ಲಿ ನಾನು ಬಿಟ್ಟುಬಂದ ಜಾಕೆಟ್ಟಿನ ಚೀಟಿಯಲ್ಲೂ ಆ ಮುದ್ರೆ ಇತ್ತು ಅನ್ನೋದನ್ನು ಇಲ್ಲೇ ಒಪ್ಪಿಕೊಂಡುಬಿಡ್ತೀನಿ.

ಐಸ್‌ಲ್ಯಾಂಡಿನಲ್ಲಿ ಇನ್ನೊಂದು ಪದ್ಧತಿ ಇದೆ. ಐಡರ್ ಅನ್ನೋ ಕಡಲ ಬಾತು ಮೊಟ್ಟೆ ಇಡೋವಾಗ ತನ್ನ ಎದೆಯ ತುಪ್ಪಳ ತಾನೇ ಬಿಡಿಸಿ ಗೂಡಿಗೆ ಹಾಸುತ್ತೆ. ಅಲ್ಲಿಯ ರೈತರು ನರಿ, ಮಿಂಕ್ ಬರದ ಹಾಗೆ ಆ ಗೂಡುಗಳನ್ನು ರಾತ್ರಿಯಿಡೀ ಕಾಯುತ್ತಾರೆ. ಬದಲಿಗೆ ಗೂಡಿನ ತುಪ್ಪಳ ತಗೋತಾರೆ. ಒಂದು ಕಿಲೋ ಆಗಬೇಕಾದರೆ ಸುಮಾರು ಅರವತ್ತು ಗೂಡು ಬೇಕು. ಹಕ್ಕಿ ಸಾಯಲ್ಲ, ಬೇಲಿಯೂ ಇಲ್ಲ, ಮುಂದಿನ ವರ್ಷ ತಾನೇ ಬರುತ್ತೆ. ಓದಿದಾಗ ನಮ್ಮ ಕುರಿ ಕತ್ತರಿಸೋ ದಿನ ನೆನಪಾಯ್ತು. ವರ್ಷಕ್ಕೆ ಎರಡು ಸಲ, ಹಳ್ಳದಲ್ಲಿ ಕುರಿ ಮೈ ತೊಳೆದು, ಕಾಲು ಕಟ್ಟಿ ಮಲಗಿಸಿ, ಕತ್ತರಿಯಲ್ಲಿ ಚಕ್ ಚಕ್ ಅಂತ ತುಪ್ಪಟ ತೆಗೆಯೋದು. ಬಿಟ್ಟ ತಕ್ಷಣ ಹಗುರಾಗಿ ನೆಗೆದು ಓಡುತ್ತವೆ. ಇದರಲ್ಲಿ ಹಿಂಸೆ ಇದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿದ್ದಿಲ್ಲ. ಆದರೆ ಅದೇ ಮನೆಯಲ್ಲಿ ಟಗರು ಮಾರುತ್ತಿದ್ವಿ, ಮಾರಿದ ಟಗರು ಎಲ್ಲಿಗೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ನನ್ನ ಬಿಇ ಮೊದಲ ಎರಡು ವರ್ಷದ ಫೀಸು ಬಂದಿದ್ದೇ ಹಾಗೆ.

ಈಗ ಹೇಳಿ. ಟಗರು ಮಾರಿದ ದುಡ್ಡಲ್ಲಿ ಓದಿದವನು, ವಾರಕ್ಕೆರಡು ಸಲ ಚಿಕನ್ ಬಿರಿಯಾನಿ ತಿನ್ನೋನು, ಆಲ್ಬನಿಯ ಅಂಗಡಿಯಲ್ಲಿ ನಿಂತು ಹೆಬ್ಬಾತಿನ ಮೇಲೆ ಕರುಣೆ ತೋರಿಸ್ತಾನೆ ಅಂದರೆ ಅದಕ್ಕೆ ಏನನ್ನಬೇಕು? ಪೂರ್ತಿ ಬೂಟಾಟಿಕೆ ಅನ್ನಲ್ಲ ನಾನು. ಒಂದು ಕಡೆ ಕರುಣೆ ತೋರಿಸೋಕೆ ಎಲ್ಲ ಕಡೆ ತೋರಿಸಿರಲೇಬೇಕು ಅನ್ನೋ ನಿಯಮ ಹಾಕಿದರೆ ಪ್ರಪಂಚದಲ್ಲಿ ಕರುಣೆಯೇ ಉಳಿಯಲ್ಲ. ಆದರೆ ನಾನು ಅವತ್ತು ಕೊಂಡಿದ್ದು ಹೆಬ್ಬಾತಿನ ಜೀವ ಅಲ್ಲ, ನನ್ನ ನೆಮ್ಮದಿ. ಅದನ್ನೂ ಡಿಸ್ಕೌಂಟಿನಲ್ಲಿ.

ನೆಮ್ಮದಿ ಒಡೆದಿದ್ದು ಅಪ್ಪ. ವಿಡಿಯೋ ಕಾಲಲ್ಲಿ ಜಾಕೆಟ್ ತೋರಿಸಿದೆ. ಅವ್ವ, "ಬೆಚ್ಚಗೈತೇನಪ್ಪ? ಅಷ್ಟೇ ಬೇಕು" ಅಂತ ಒಳಗೆ ಹೋದಳು. ಅಪ್ಪ ಮಾತ್ರ ಪೊಲೀಸ್ ವಿಚಾರಣೆ ಥರ ಶುರು ಮಾಡಿದ.

"ಒಳಗೆ ಏನು ತುಂಬವ್ರೆ?"

"ಬಾತಿನ ಪುಕ್ಕದ ಥರದ್ದು, ಆದ್ರೆ ಪುಕ್ಕ ಅಲ್ಲಪ್ಪ. ಪ್ಲಾಸ್ಟಿಕ್ಕು. ನೀರಿನ ಬಾಟಲಿ ಇರ್ತಾವಲ್ಲ, ಅದೇ ವಸ್ತು. ಹಕ್ಕಿ ಸಾಯಲ್ಲ."

"ಒಳ್ಳೇದೇ. ಹರಿದ್ಮೇಲೆ ಏನ್ ಮಾಡ್ತಾರೆ?"

"ಏನ್ ಮಾಡ್ತಾರೆ, ಎಸೀತಾರೆ."

"ಎಲ್ಲಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಗ್ನಲ್ ಸರಿ ಇಲ್ಲ ಅಂತ ಹೇಳಿ ಮಾತು ಬದಲಾಯಿಸಿದೆ. ಸಿಗ್ನಲ್ ಸರಿಯಾಗೇ ಇತ್ತು.

ಅಪ್ಪ ಯಾಕೆ ಕೇಳಿದ ಅಂತ ನನಗೆ ಗೊತ್ತಿತ್ತು. ತಾತನ ಕಂಬಳಿ ಕತೆ ಅದು. ತಾತ ನೇಯ್ದು ತಾನೇ ಹೊದ್ದುಕೊಂಡ ಕರಿ ಕಂಬಳಿ, ಅವನ ಮೇಲೆ ಇಪ್ಪತ್ತು ವರ್ಷ, ಆಮೇಲೆ ಅಪ್ಪನ ಮೇಲೆ ಹತ್ತು ವರ್ಷ ಇತ್ತು. ಮಳೆಗೆ ಕೊಪ್ಪೆ, ಬಿಸಿಲಿಗೆ ನೆರಳು, ಜಗಲಿಗೆ ಹಾಸು, ಮದುವೆಗೆ ಗದ್ದಿಗೆ, ಎಲ್ಲ ಅದೇ. ತೂತು ಬಿದ್ದ ಮೇಲೆ ಕುರಿಮರಿಗಳ ಕೆಳಗೆ ಹಾಸಿದ್ವಿ. ಅದೂ ಆಗದೇ ಹೋದಾಗ ಅಪ್ಪ ತಿಪ್ಪೆಗೆ ಹಾಕಿದ. ಎರಡು ಮಳೆಗಾಲ ಕಳೆದ ಮೇಲೆ ಗೊಬ್ಬರ ಹೊಡೆಯುವಾಗ ಹುಡುಕಿದರೂ ಒಂದು ಎಳೆ ಸಿಗಲಿಲ್ಲ. ಆ ವರ್ಷ ಆ ಗೊಬ್ಬರ ಶೇಂಗಾ ಹೊಲಕ್ಕೆ ಹೋಯ್ತು. ಉಣ್ಣೆಯೂ ತುಪ್ಪಳವೂ ನಮ್ಮ ಉಗುರು, ಕೂದಲು ಇದ್ದ ಹಾಗೇ ಕೆರಾಟಿನ್. ಅದನ್ನು ತಿನ್ನೋ ಜೀವಿಗಳು ಮಣ್ಣಲ್ಲಿವೆ.

ಪಾಲಿಯೆಸ್ಟರ್ ಕತೆ ಬೇರೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಈ ಎಳೆಯನ್ನು ತಿಂದು ಅರಗಿಸಿಕೊಳ್ಳೋದನ್ನು ನಮ್ಮ ತಿಪ್ಪೆಯ ಜೀವಿಗಳು ಕಲಿತಿಲ್ಲ. ಎಸೆಯೋ ತನಕವೂ ಕಾಯಬೇಕಾಗಿಲ್ಲ. 2011ರಲ್ಲಿ ಮಾರ್ಕ್ ಬ್ರೌನ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸಿಂಥೆಟಿಕ್ ಬಟ್ಟೆಯನ್ನು ಒಂದು ಸಲ ಒಗೆದರೆ 1900ಕ್ಕೂ ಹೆಚ್ಚು ಎಳೆಗಳು ನೀರಿಗೆ ಹೋಗಬಹುದು ಅಂತ ಕಂಡುಬಂತು. ಬೇರೆ ಬೇರೆ ದೇಶಗಳ 18 ಕಡಲ ತೀರಗಳ ಮರಳು ತಂದು ನೋಡಿದರೆ ಎಲ್ಲ ಕಡೆಯೂ ಅಂಥ ಸೂಕ್ಷ್ಮ ಪ್ಲಾಸ್ಟಿಕ್ ಇತ್ತು. ನನ್ನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾಸು ಹಾಕಿದರೆ ತಿರುಗೋ ಒಂದು ವಾಷಿಂಗ್ ಮಷೀನ್ ಇತ್ತು. ಅದರ ಗಾಜಿನ ಬಾಗಿಲ ಹಿಂದೆ ನನ್ನ ಜಾಕೆಟ್ ತಿರುಗೋದನ್ನು ನೋಡ್ತಾ ಕೂತಿರೋವಾಗ, ಈ ನೀರು ಕೊನೆಗೆ ಹಡ್ಸನ್ ನದಿಗೆ ತಾನೇ ಹೋಗೋದು, ಅಲ್ಲಿಂದ ಕಡಲಿಗೆ ಅಂತ ಲೆಕ್ಕ ಹಾಕುತ್ತಿದ್ದೆ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಕಿತ್ತ ಹೆಬ್ಬಾತಿಗೆ ಒಂದು ಮುಖ ಇದೆ. ಅದರ ಕೂಗು ಇದೆ, ಫೋಟೋ ತೆಗೆಯಬಹುದು, ನೋಡಿದವರಿಗೆ ಎರಡು ದಿನ ಊಟ ಸೇರಲ್ಲ. ಸಾವಿರದ ಒಂಬೈನೂರು ಎಳೆಗಳಿಗೆ ಮುಖ ಇಲ್ಲ. ಅದನ್ನು ನುಂಗಿದ ಮೀನಿಗೆ ಏನಾಯ್ತು, ಎಷ್ಟಾಯ್ತು, ಅದರಲ್ಲಿ ನನ್ನ ಜಾಕೆಟ್ಟಿನ ಪಾಲೆಷ್ಟು, ಯಾರೂ ಬೊಟ್ಟು ಮಾಡಿ ತೋರಿಸೋಕಾಗಲ್ಲ. ಮನಸ್ಸು ಮುಖ ಇರೋ ಪಾಪವನ್ನು ಬಿಟ್ಟು ಮುಖ ಇಲ್ಲದ ಪಾಪವನ್ನು ಆರಿಸಿಕೊಳ್ಳುತ್ತೆ, ಅದನ್ನೇ ಪುಣ್ಯ ಅಂತಲೂ ಕರೆಯುತ್ತೆ. ನಾನು ದಿನಾ ಕೋಡ್ ಬರೆಯೋನು, ಈ ಚಟ ನನಗೆ ಚೆನ್ನಾಗಿ ಗೊತ್ತು. ಒಂದು ಬಗ್ ಅನ್ನು ಕಣ್ಣಿಗೆ ಕಾಣೋ ಪುಟದಿಂದ ಎತ್ತಿ ಯಾರೂ ತೆರೆಯದ ಫೈಲಿಗೆ ಹಾಕಿ, ಟಿಕೆಟ್ ಕ್ಲೋಸ್ ಮಾಡಿದ್ದೀವಿ ಅಂತ ಹೇಳೋದು.

ಹಾಗಂತ ಮುಖ ಇಲ್ಲದ್ದೇ ದೊಡ್ಡ ಪಾಪ ಅಂತ ಉಲ್ಟಾ ಹೊಡೆಯೋದೂ ಸುಲಭ, ಅದನ್ನೂ ಮಾಡಲ್ಲ. ಹೆಬ್ಬಾತಿನ ನೋವು ಇವತ್ತಿನದು, ಖಚಿತವಾದದ್ದು. ಎಳೆಯ ಕೇಡು ನಾಳೆಯದು, ಹರಡಿಕೊಂಡದ್ದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗೋಕೆ ಬೇಕಾದ ಬಟ್ಟು ನನ್ನ ಹತ್ತಿರ ಇಲ್ಲ.

ನನಗೆ ಖಾತ್ರಿಯಿರೋದು ಇಷ್ಟೇ. ಹೆಬ್ಬಾತಿನ ತುಪ್ಪಳಕ್ಕೆ ಎರಡು ಗುಣ ಇದ್ದವು. ಗಾಳಿ ಹಿಡಿಯೋದು, ಕೆಲಸ ಮುಗಿದ ಮೇಲೆ ಮಣ್ಣಾಗೋದು. ನಕಲು ಮಾಡಿದವರು ಮೊದಲನೆಯದನ್ನು ಮಾತ್ರ ಗುಣ ಅಂತ ಗುರುತಿಸಿದರು. ಕೊಳೆಯೋದನ್ನು ದೋಷ ಅಂದ್ಕೊಂಡರು, ಇಲ್ಲವೇ ಗಮನಕ್ಕೇ ತಂದುಕೊಳ್ಳಲಿಲ್ಲ. ಅವರ ತಪ್ಪು ಅಂತಲೂ ಪೂರ್ತಿ ಹೇಳಲಾರೆ. ಬರೆದುಕೊಡದ ರಿಕ್ವೈರ್‌ಮೆಂಟನ್ನು ಯಾವ ಇಂಜಿನಿಯರೂ ಮಾಡಿಕೊಡಲ್ಲ, ನಾನಂತೂ ಮಾಡಿಕೊಟ್ಟಿಲ್ಲ. ಮೂವತ್ತು ವರ್ಷ ಆದ ಮೇಲೆ ಯಾರಿಗೋ ಆ ಸಾಲು ನೆನಪಾಯ್ತು. ನಾನು ಆಲ್ಬನಿಯಲ್ಲಿದ್ದಾಗಲೇ, 2018ರಲ್ಲಿ, ಅದೇ ಪ್ರೈಮಲಾಫ್ಟ್‌ನವರು ಕಸದ ಗುಂಡಿಯಲ್ಲೂ ಕಡಲಲ್ಲೂ ಸೂಕ್ಷ್ಮಜೀವಿಗಳು ತಿನ್ನೋ ಹಾಗಿರೋ ಹೊಸ ಎಳೆ ಮಾಡಿದ್ದೀವಿ ಅಂತ ಘೋಷಿಸಿದರು. ಓದಿ ಖುಷಿಯಾಯ್ತು, ಸ್ವಲ್ಪ ನಗುವೂ ಬಂತು. ಕೊಳೆಯದ ವಸ್ತು ಮಾಡೋಕೆ ಒಂದು ಪೇಟೆಂಟು, ಅದನ್ನು ಕೊಳೆಸೋಕೆ ಇನ್ನೊಂದು ಸಂಶೋಧನೆ. ತಾತನ ಕಂಬಳಿಗೆ ವರ್ಷನ್ 2 ಬೇಕಾಗಿರಲಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದರೆ ಕಂಬಳಿ ಗೆದ್ದಿತು ಅಂತಾಗುತ್ತಿತ್ತು. ಆದರೆ ಕಂಬಳಿ ಎಲ್ಲಿ ಗೆದ್ದಿದೆ? ನಕಲು ಅನ್ನೋದು ಬೇರೆ ದಾರಿಯಲ್ಲಿ ನಮ್ಮ ಹಟ್ಟಿಗೂ ಬಂದಿತ್ತು. ನಾನು ಹೈಸ್ಕೂಲಲ್ಲಿದ್ದಾಗ ಪಾಣಿಪತ್ ಕಡೆಯ ರಗ್ಗುಗಳು ಸಂತೆಗೆ ಬರೋಕೆ ಶುರುವಾದವು. ಹಳೇ ಉಣ್ಣೆ ಬಟ್ಟೆ ಚಿಂದಿ ಮಾಡಿ ನೂತವು ಮೊದಲು, ಆಮೇಲೆ ಅಕ್ರಿಲಿಕ್ಕು, ಪಾಲಿಯೆಸ್ಟರ್. ಬಣ್ಣಬಣ್ಣದ ಗುಲಾಬಿ ಹೂವು, ಹುಲಿ, ನವಿಲು. ಮೆತ್ತಗೆ, ಚುಚ್ಚಲ್ಲ. ಒಂದು ಕಂಬಳಿ ದುಡ್ಡಿಗೆ ಮೂರು ರಗ್ಗು. ತಾತ ಎರಡು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಗಿರಾಕಿಗಾಗಿ ಕಾದ. ಆಮೇಲೆ ಗುಂಡಿ ಮುಚ್ಚಿ ಅಲ್ಲಿ ಒಲೆಗೆ ಸೌದೆ ಒಟ್ಟಿದರು. ಈಗ ನಮ್ಮ ಕಡೆ ಕತ್ತರಿಸಿದ ಉಣ್ಣೆಯನ್ನು ಎಷ್ಟೋ ಜನ ಕೊಳ್ಳೋರಿಲ್ಲ ಅಂತ ಹೊಲದ ಬದಿಗೆ ಎಸೆಯುತ್ತಾರೆ.

ನನಗೆ ಆ ರಗ್ಗುಗಳ ಮೇಲೆ ಬಹಳ ವರ್ಷ ಸಿಟ್ಟಿತ್ತು. ಒಂದು ಸಲ ಅವ್ವನ ಮುಂದೆ ಭಾಷಣ ಬಿಗಿದೆ, ನಕಲಿ ಮಾಲು ಬಂದು ಅಸಲಿ ಕಸುಬು ಹಾಳಾಯ್ತು ಅಂತ. ಅವ್ವ ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡಳು. ಆಮೇಲೆ ಅಂದಳು: "ನಿಮ್ ತಾತ ನೇಯ್ದಿದ್ದು ಮಾರಾಟಕ್ಕೆ. ನಾವು ಐದು ಜನ ಒಂದೇ ಕಂಬಳಿ ಎಳೆದಾಡ್ತಾ ಮಲಗ್ತಿದ್ವಿ, ಮರ್ತೋಯ್ತೇನು? ಎಲ್ರಿಗೂ ಒಂದೊಂದು ಹೊದಿಕೆ ಅಂತ ಆಗಿದ್ದು ಆ ರಗ್ಗು ಬಂದ್ಮೇಲೇನೇ." ಕಂಬಳಿ ನೇಯೋರ ಮನೆಯ ಮಕ್ಕಳಿಗೇ ಕಂಬಳಿ ಸಾಲುತ್ತಿರಲಿಲ್ಲ. ಇದನ್ನು ನಾನು ನಿಜವಾಗಿಯೂ ಮರೆತಿದ್ದೆ. ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತು ಕೈಮಗ್ಗದ ಬಗ್ಗೆ ಬರೆಯೋರಲ್ಲಿ (ನಾನೂ ಸೇರಿದಂತೆ) ಇಂಥ ಮರೆವು ಸ್ವಲ್ಪ ಜಾಸ್ತಿ. ನಕಲಿಯ ದೊಡ್ಡ ಗುಣ ಅದು ಎಲ್ಲರಿಗೂ ಎಟುಕುತ್ತೆ ಅನ್ನೋದು. ಅಸಲಿ ಹೆಬ್ಬಾತಿನ ತುಪ್ಪಳ ಆಲ್ಬನಿಯಲ್ಲೂ ಎಲ್ಲರಿಗೂ ಎಟುಕಲ್ಲ. ಬಸ್ ಸ್ಟಾಪಲ್ಲಿ ನನ್ನ ಜೊತೆ ನಿಲ್ಲುತ್ತಿದ್ದ ಕಚೇರಿ ಗುಡಿಸೋ ಹೆಂಗಸು ಹಾಕಿಕೊಳ್ಳುತ್ತಿದ್ದದ್ದೂ ನಂದೇ ಥರದ ಪಾಲಿಯೆಸ್ಟರ್ ಜಾಕೆಟ್ಟು, ತೋಳಿನ ಹತ್ತಿರ ಟೇಪ್ ಹಚ್ಚಿದ್ದು. ಅವಳಿಗೆ ಹೋಗಿ ಮೀನಿನ ಕತೆ ಹೇಳೋ ಧೈರ್ಯ ನನಗಿಲ್ಲ. ಹೇಳಬಾರದು ಅಂತಲೂ ಅನ್ನಿಸುತ್ತೆ.

ನಾನು ಮಾಡಿದ್ದು ಸಣ್ಣ ಕೆಲಸ. ಅಲ್ಲಿದ್ದ ಮೂರು ಚಳಿಗಾಲವೂ ಅದೇ ಜಾಕೆಟ್ ಹಾಕಿದೆ. ಮೊದಲ ವರ್ಷ ತಿಂಗಳಿಗೊಂದು ಸಲ ಒಗೆಯುತ್ತಿದ್ದವನು ಆಮೇಲೆ ಚಳಿಗಾಲಕ್ಕೆ ಒಂದೇ ಸಲ. ಕೊಳೆಯಾದ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳೋದು. ಟೀಮಿನವರು ವರ್ಷಕ್ಕೊಂದು ಹೊಸದು ತಗೊಂಡರು, ನನ್ನನ್ನು ಜುಗ್ಗ ಅಂದರು. ಎರಡನೇ ವರ್ಷದ ಹೊತ್ತಿಗೆ ಅದು ಮೊದಲಿನಷ್ಟು ಉಬ್ಬುತ್ತಿರಲಿಲ್ಲ. ಸಿಂಥೆಟಿಕ್ ಎಳೆ ಹಿಂಡಿ ಹಿಂಡಿ ಬಿಟ್ಟರೆ ಸೋತುಹೋಗುತ್ತೆ, ಚೆನ್ನಾಗಿ ನೋಡಿಕೊಂಡ ತುಪ್ಪಳ ಬಹಳ ವರ್ಷ ಬಾಳುತ್ತೆ. ಹೆಬ್ಬಾತು ಅಲ್ಲೂ ನಮಗಿಂತ ಮುಂದು.

2020ರ ಕೊನೆಗೆ ವಾಪಸ್ ಬರುವಾಗ ಎಸೆಯೋಕೆ ಮನಸ್ಸಾಗದೆ ಸೂಟ್‌ಕೇಸಿನ ಸಂದಿಗೆ ತುರುಕಿ ತಂದೆ. ಬೆಂಗಳೂರಲ್ಲಿ ಅದನ್ನು ಹಾಕೋ ಚಳಿ ಎಲ್ಲಿದೆ? ಊರಿಗೆ ಹೋದಾಗ ಅಪ್ಪನಿಗೆ ಕೊಟ್ಟೆ. ಒಂದು ವಾರ ಮೊಳೆಗೆ ನೇತುಹಾಕಿದ್ದ. ಡಿಸೆಂಬರ್ ಬೆಳಗಿನ ಜಾವ ಒಂದು ದಿನ ಎದ್ದು ನೋಡ್ತೀನಿ, ಅಪ್ಪ ರೊಪ್ಪದ ಬಾಗಿಲು ತೆಗೆಯುತ್ತಿದ್ದಾನೆ. ಒಳಗೆ ಆಲ್ಬನಿ ಜಾಕೆಟ್ಟು, ಮೇಲೆ ತನ್ನ ಕರಿ ಕಂಬಳಿ. ಹೆಂಗೈತೆ ಅಂದೆ. "ಬೆಚ್ಚಗೇನೋ ಐತೆ. ಆದ್ರೆ ಮಾತಾಡ್ತೈತೆ ಕಣೋ ಇದು" ಅಂದ. ಕೈ ಆಡಿಸಿದಾಗಲೆಲ್ಲ ಸರಬರ ಸದ್ದು ಬರೋದನ್ನು ಹೇಳಿದ್ದು. ಆ ಸದ್ದು ಕೇಳಿ ಕುರಿಗಳು ಬೆದರುತ್ತಿದ್ದವಂತೆ, ಅದಕ್ಕೇ ಮೇಲೆ ಕಂಬಳಿ.

ಹೋದ ವರ್ಷ ಜಾಲಿ ಮುಳ್ಳಿಗೆ ಸಿಕ್ಕಿ ಬೆನ್ನಿನ ಕಡೆ ಒಂದು ಗೇಣು ಹರಿಯಿತು. ಅವ್ವ ಹಳೇ ಸೀರೆಯ ತುಂಡು ಇಟ್ಟು ಹೊಲಿಯೋ ಹೊತ್ತಿಗೆ ಅರ್ಧ ಹಿಡಿಯಷ್ಟು ಬಿಳೀ ಎಳೆ ಬೇಲಿಯ ಮೇಲೇ ಉಳಿದಿತ್ತು. ನಾನು ಹೋಗಿ ಆರಿಸಿಕೊಂಡು ಬರೋಣ ಅಂತ ಹೊರಟರೆ, ಗುಬ್ಬಿಗಿಂತ ಸಣ್ಣ ಹಕ್ಕಿಯೊಂದು ಅದನ್ನು ಕೊಕ್ಕಲ್ಲಿ ಎಳೆದೆಳೆದು ಜಾಲಿ ಪೊದೆಯೊಳಗೆ ಸಾಗಿಸ್ತಾ ಇತ್ತು. ಗೂಡು ಕಟ್ಟೋಕೆ. ಅಪ್ಪನೂ ಬಂದು ಪಕ್ಕದಲ್ಲಿ ನಿಂತು ನೋಡಿದ. "ಅದಕ್ಕೇನಾದ್ರೂ ಆಯ್ತದಾ?" ಅಂತ ಕೇಳಿದ. ಮರಿಗಳ ಕಾಲಿಗೆ ಸುತ್ತಿಕೊಳ್ಳಬಹುದು ಅಂದೆ. ಬೆಚ್ಚಗೂ ಇರಬಹುದು ಅಂದೆ. ಓಡಿಸಬೇಕೋ ಬಿಡಬೇಕೋ ಗೊತ್ತಾಗದೆ ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ವಿ. ಉಳಿದಿದ್ದ ಎಳೆಗಳನ್ನು ಆರಿಸಿ ನಾನು ಜೇಬಿಗೆ ಹಾಕಿಕೊಂಡೆ. ಹಕ್ಕಿ ಆಗಲೇ ಒಯ್ದಿದ್ದನ್ನು ಕಿತ್ತುಕೊಳ್ಳೋಕೆ ಹೋಗಲಿಲ್ಲ.

ಮೊನ್ನೆ ಫೋನ್ ಮಾಡಿದಾಗ ಅಪ್ಪ ಹೇಳಿದ, ಚಿಕ್ಕಪ್ಪನಿಗೂ ಅಂಥದ್ದೇ ಒಂದು ಬೇಕಂತೆ. ಈ ಸಲ ಚಳಿ ಜಾಸ್ತಿಯಂತೆ, ಅವನಿಗೆ ದಮ್ಮು ಬೇರೆ. ಕಂಬಳಿ ಭಾರ ತಡೆಯೋಕಾಗಲ್ವಂತೆ. "ಹಳೇದಾದ್ರೂ ನಡೀತದೆ, ನಿನ್ ಫ್ರೆಂಡ್ಸ್ ಯಾರಾದ್ರೂ ಬಿಸಾಕೋದಿದ್ರೆ ಕೇಳಿ ನೋಡು" ಅಂದ. ಟೀಮಿನ ಗ್ರೂಪಿನಲ್ಲಿ ಕೇಳಿದ್ದೀನಿ. ಆ ತೆಲುಗು ಹುಡುಗನ ಹತ್ತಿರ ಎರಡು ಇವೆಯಂತೆ.